ಎದುರುಮಾತಿನ ಮಠಕ್ಕೆ ಸೋಸುಗ ಬಂದದ್ದು

ಸೋಸುಗವನ್ನು ಕಟ್ಟಿದ ಏಳು ಜನರಲ್ಲಿ ನಾನೂ ಒಬ್ಬಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೋ ಹುಡುಕಿ ತೆಗೆದು ನನ್ನ ಮುಖಕ್ಕೆ ಹಿಡಿಯುವುದು ಬೇಡ. ಹೆಸರು ನೀಲಗಂಗಾ ಹೂಗಾರ, ವಯಸ್ಸು ನಲವತ್ತೆಂಟು, ಸಿಟ್ಟು ಸ್ವಲ್ಪ ಜಾಸ್ತಿ. ಮಾತು ರಕ್ಷಣಾ ಕೇಂದ್ರದ ಗದಗ ಶಾಖೆಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದೆ. ಅಲ್ಲಿಂದ ನನ್ನನ್ನು ಯಾಕೆ ಹೊರಗೆ ಹಾಕಿದರು ಎನ್ನುವುದೇ ಈ ಕಥೆ.

ಸೋಸುಗ ಬರುವುದಕ್ಕೆ ಮುಂಚೆ ನಮ್ಮ ಊರಿನಲ್ಲಿ ಒಬ್ಬ ಧರ್ಮಗುರು ಇದ್ದರು. ಯಾವ ಧರ್ಮದವರು ಎಂದು ಹೇಳುವುದಿಲ್ಲ. ಹೇಳಿದರೆ ನೀವು ಕಥೆ ಬಿಟ್ಟು ಅದನ್ನೇ ಹಿಡಿದುಕೊಂಡು ಕೂರುತ್ತೀರಿ. ಅವರು ಒಂದು ದಿನ, "ಹಸಿದವನು ಅಂಗಡಿ ಒಡೆದರೆ ಪಾಪವಲ್ಲ ಎಂದು ಕೆಲವರು ಹೇಳಿಕೊಂಡು ತಿರುಗುತ್ತಾರೆ, ಅಂಥವರ ಮಾತು ಕೇಳಬೇಡಿ" ಎಂದರು. ಯಾರೋ ಪುಣ್ಯಾತ್ಮ ಹಿಂದಿನದನ್ನೂ ಮುಂದಿನದನ್ನೂ ಕತ್ತರಿಸಿ, "ಹಸಿದವನು ಅಂಗಡಿ ಒಡೆದರೆ ಪಾಪವಲ್ಲ" ಎನ್ನುವಷ್ಟನ್ನು ಮಾತ್ರ ಬಿಟ್ಟ. ದನಿ ಅವರದೇ, ಮುಖ ಅವರದೇ, ತುಟಿ ಅಲ್ಲಾಡಿದ್ದೂ ಸರಿಯಾಗಿಯೇ ಇತ್ತು. ಎರಡು ದಿನದಲ್ಲಿ ಸ್ಟೇಷನ್ ರಸ್ತೆಯ ಹದಿನೇಳು ಅಂಗಡಿ ಸುಟ್ಟವು. ಅದರಲ್ಲಿ ನನ್ನ ತಮ್ಮ ಕಲ್ಮೇಶನ ಬ್ಯಾಟರಿ ಅಂಗಡಿಯೂ ಒಂದು. ಬೆಂಕಿ ಆರಿಸಲು ಹೋದವನ ಬಲಗೈ ಬೆಂದುಹೋಯಿತು. ಇವತ್ತಿಗೂ ಅವನ ಬೆರಳುಗಳು ಪೂರ್ತಿ ಬಿಚ್ಚುವುದಿಲ್ಲ.

ಆ ಸಿಟ್ಟಿನಲ್ಲೇ ನಾನು ಕೇಂದ್ರಕ್ಕೆ ಸೇರಿದ್ದು, ಆ ಸಿಟ್ಟಿನಲ್ಲೇ ನಾವು ಸೋಸುಗ ಕಟ್ಟಿದ್ದು. ಅಂಗಿಯ ಗುಂಡಿಯಷ್ಟಿರುತ್ತದೆ. ಗಂಟಲಿಗೆ ಅಂಟಿಸುತ್ತೇವೆ. ಮಾತು ಹೊರಬರುವ ಮೊದಲೇ ಗಂಟಲಿನ ಸ್ನಾಯು ಅದಕ್ಕೆ ತಯಾರಾಗುತ್ತದಲ್ಲ, ಅದನ್ನು ಓದುತ್ತದೆ. ಆಡಿದ ಮಾತನ್ನೂ ಆಡಲಿರುವ ಮಾತನ್ನೂ ಸೇರಿಸಿ ಒಂಬತ್ತೊಂಬತ್ತು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ ನೋಡುತ್ತದೆ, ಯಾಕೆಂದರೆ ಊರು ಸುಡುವ ತುಂಡುಗಳು ಹೆಚ್ಚೂಕಡಿಮೆ ಅಷ್ಟೇ ಉದ್ದ ಇರುತ್ತವೆ. ಪ್ರತಿ ತುಂಡಿಗೂ ಒಂದು ಅಂಕ ಕೊಡುತ್ತದೆ. ಅದಕ್ಕೆ ನಾವು ಕಿಡಿ ಅಂಕ ಎಂದು ಹೆಸರಿಟ್ಟಿದ್ದೆವು. ಯಾವುದಾದರೂ ಒಂದು ತುಂಡು ನಲವತ್ತು ದಾಟುವಂತಿದ್ದರೆ ಗುಂಡಿ ಗಂಟಲಲ್ಲಿ ಗುಂಯ್ ಎನ್ನುತ್ತದೆ. ಆದರೂ ಮುಂದುವರಿದರೆ ಮೈಕು ಬಂದ್. ಮಠದ ಪೀಠದಿಂದ, ಚರ್ಚಿನ ಪುಲ್ಪಿಟ್ಟಿನಿಂದ, ಮಸೀದಿಯ ಮಿಂಬರಿನಿಂದ ಮೈಕಿನಲ್ಲಿ ಮಾತಾಡುವವರೆಲ್ಲ ಅದನ್ನು ಹಾಕಿಕೊಳ್ಳಬಹುದು ಎಂದು ಮೊದಲ ವರ್ಷ ಹೇಳಿದೆವು. ಮೂರನೆಯ ವರ್ಷ, ಹಾಕಿಕೊಳ್ಳಲೇಬೇಕು ಎಂದು ಕಾನೂನು ಬಂತು.

ಊರು ತಣ್ಣಗಾಯಿತು. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸ್ವಾಮಿಗಳು, ಮೌಲ್ವಿಗಳು, ಪಾದ್ರಿಗಳು ಎಲ್ಲರದೂ ಒಂದೇ ಪ್ರವಚನವಾಗಿಬಿಟ್ಟಿತು. ಒಳ್ಳೆಯವರಾಗಿರಿ, ನೀರು ಉಳಿಸಿ, ಗಿಡ ನೆಡಿ. ಹರಿಕಥೆಯ ದಾಸರ ಪಾಡಂತೂ ಕೇಳಲೇಬೇಡಿ. ಅವರ ಕಥೆಯ ರಾಕ್ಷಸ ಗದೆ ಎತ್ತಿಕೊಂಡು ಬಂದು, "ತಪ್ಪು ತಿಳಿವಳಿಕೆಯುಳ್ಳ ನಾನು ಅಹಂಕಾರದಿಂದ ಹೇಳುವುದೇನೆಂದರೆ" ಎಂದು ಗುಡುಗುತ್ತಿದ್ದ. ದೇವರಿಗೆ ಸಿಟ್ಟು ಬರುವ ಪ್ರಸಂಗಗಳನ್ನೆಲ್ಲ ಬಿಟ್ಟೇಬಿಟ್ಟರು. ಜನ ಚಾಪೆ ಜೊತೆಗೆ ದಿಂಬನ್ನೂ ಹಿಡಿದುಕೊಂಡು ಪ್ರವಚನಕ್ಕೆ ಹೋಗತೊಡಗಿದರು. ಕೇಂದ್ರದಲ್ಲಿ ನಾವು ಪರದೆಯ ಮೇಲೆ ಕಿಡಿ ಅಂಕದ ಎಲ್ಲ ಗೆರೆಗಳೂ ಹತ್ತರ ಕೆಳಗೆ ಓಡುವುದನ್ನು ನೋಡಿ ಸಿಹಿ ಹಂಚಿದೆವು. ನಾನೂ ತಿಂದೆ.

ನಾಗರಕಟ್ಟಿಯ ಎದುರುಮಾತಿನ ಮಠ ಮಾತ್ರ ಬಹಳ ದಿನ ತಪ್ಪಿಸಿಕೊಂಡಿತ್ತು. ಸಣ್ಣ ಮಠ, ದೂರದ ಊರು, ಯಾರೂ ಗಮನಿಸಿರಲಿಲ್ಲ. ಅಲ್ಲಿಯ ಮುಪ್ಪಿನಾರ್ಯ ಸ್ವಾಮಿಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಾರೆ. ಎಪ್ಪತ್ತೊಂಬತ್ತು ವರ್ಷ. ಗಂಟಲಿನ ಆಪರೇಷನ್ ಆದಮೇಲೆ ಮೈಕಿಲ್ಲದಿದ್ದರೆ ಅವರ ದನಿ ಎರಡು ಮಾರು ದೂರವೂ ಹೋಗುವುದಿಲ್ಲ. ಆ ಮಠದಲ್ಲಿ ಸೋಮವಾರ ನಾಲ್ಕು ಗಂಟೆಗೆ ಯಾರು ಬೇಕಾದರೂ ಬಂದು ದೇವರ ಮೇಲೆ, ಮಠದ ಮೇಲೆ, ಅಜ್ಜಾರ ಮೇಲೆಯೇ ತಕರಾರು ಹೇಳಬಹುದು. ಅಜ್ಜಾರು ತಟ್ಟನೆ ಉತ್ತರ ಕೊಡುವ ಹಾಗಿಲ್ಲ. ಮೊದಲು ಆ ತಕರಾರನ್ನು ಪೀಠದ ಮೇಲಿಂದ, ಮೈಕಿನಲ್ಲಿ, ತಾವೇ ತಕರಾರು ತಂದವರಾಗಿ, "ನಾನು" ಎಂದೇ ಹೇಳಬೇಕು. ಅದೂ ತಂದವರಿಗಿಂತ ಚೆನ್ನಾಗಿ ಹೇಳಬೇಕು. ತಂದವರು "ಹೌದು, ಇದು ನನ್ನ ಮಾತು" ಎಂದು ಒಪ್ಪಿದ ಮೇಲೆಯೇ ಉತ್ತರ. ಒಪ್ಪದಿದ್ದರೆ ಮುಂದಿನ ಸೋಮವಾರ ಮತ್ತೆ ಮೊದಲಿಂದ. ಹಿಂದೊಮ್ಮೆ ಒಬ್ಬ ಗಣಿತದ ಮೇಷ್ಟ್ರು ಹದಿನಾಲ್ಕು ಸೋಮವಾರ ತಲೆ ಅಲ್ಲಾಡಿಸುತ್ತಲೇ ಕೂತಿದ್ದರಂತೆ.

ಈ ಸಲ ತಕರಾರು ತಂದವಳು ಹುಲಿಗೆವ್ವ. ಉಳ್ಳಾಗಡ್ಡಿ ಮಂಡಿಯಲ್ಲಿ ಚೀಲ ಹೊಲಿಯುವ ಹೆಂಗಸು. ಎರಡು ವರ್ಷದ ಹಿಂದೆ ಅವಳ ಗಂಡ ಯಮನಪ್ಪ ಮಠದ ಬಾವಿಯ ಹೂಳು ತೆಗೆಯಲು ಇಳಿದಾಗ ಹಗ್ಗ ಹರಿದು ಬಿದ್ದು ಸತ್ತಿದ್ದ. ಅಂದು ಅಜ್ಜಾರು ಮೈಕಿನಲ್ಲಿ, "ದೇವರ ಇಚ್ಛಾ" ಎಂದಿದ್ದರು. ಎರಡು ವರ್ಷ ಸುಮ್ಮನಿದ್ದ ಹುಲಿಗೆವ್ವ ಒಂದು ಸೋಮವಾರ ಎದ್ದು ನಿಂತು, "ಹಗ್ಗ ಲಡ್ಡಾಗಿತ್ತು. ದೇವರು ಹಗ್ಗ ಕೊಳಸ್ತಾನೇನ್ರಿ?" ಎಂದು ಕೇಳಿದಳು.

ಅಜ್ಜಾರು ಆಕೆಯಾಗಿ ಮಾತಾಡಿದರು. "ನನ್ನ ಗಂಡ ಸತ್ತ ಮ್ಯಾಲ ನನಗ ಹಿಂಗ ಅನಸ್ತೈತಿ" ಎಂದು ಶುರು ಮಾಡಿ, "ಈ ಗದ್ದಿಗಿಗೆ ನಾ ಇನ್ನ ಕೈ ಮುಗಿಯೂದಿಲ್ಲ. ಇದು ಕಲ್ಲು. ಮನಿಷಾನ್ನ ತಿಂದು ಸುಮ್ಮನ ಕುಂತೈತಿ" ಎಂದರು. ಹುಲಿಗೆವ್ವ ಒಪ್ಪಲಿಲ್ಲ, ಇನ್ನೂ ಪೂರ್ತಿ ಆಗಿಲ್ಲ ಎಂದಳು. ಮುಂದಿನ ಸೋಮವಾರಕ್ಕೆ ಎಂದು ಎಲ್ಲರೂ ಎದ್ದರು. ಮರುದಿನ ಬೆಳಿಗ್ಗೆ ಅದರಲ್ಲಿನ ಒಂಬತ್ತು ಸೆಕೆಂಡು ನಾಡಿನ ಫೋನುಗಳಲ್ಲೆಲ್ಲ ಓಡಾಡುತ್ತಿತ್ತು. ಪೀಠದ ಮೇಲೆ ಕೂತ ಸ್ವಾಮಿ ಗದ್ದಿಗೆಯನ್ನು ಕಲ್ಲು ಎನ್ನುತ್ತಿದ್ದಾನೆ! ಎಲ್ಲೆಲ್ಲಿಂದಲೋ ಜೀಪು ಮಾಡಿಕೊಂಡು ಬಂದವರು ಮಠದ ಬಾಗಿಲಿಗೆ ಕಲ್ಲು ತೂರಿದರು. ಮಠದ ಕಮಿಟಿ ಅಧ್ಯಕ್ಷ ಗುರುಸಿದ್ದಪ್ಪ ದೇಸಾಯಿ ನಮ್ಮ ಕೇಂದ್ರಕ್ಕೆ ಅರ್ಜಿ ಕೊಟ್ಟರು. ವಾರದೊಳಗೆ ಆದೇಶವಾಯಿತು. ಸೋಸುಗ ಅಂಟಿಸಲು ನಾನೇ ಹೋದೆ.

ಅಜ್ಜಾರು ಪಡಸಾಲೆಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಗಂಟಲು ಮುಂದೆ ಮಾಡಿ, "ಹಚ್ಚವ್ವ. ಚುಚ್ಚೂದಿಲ್ಲಲ್ಲ?" ಎಂದರು.

"ಇಲ್ರಿ. ತಪ್ಪು ಮಾತು ಬಂದ್ರ ಗುಂಯ್ ಅಂತೈತಿ ಅಷ್ಟ."

"ತಪ್ಪು ಅಂತ ಅದಕ್ಕ ಹೆಂಗ ತಿಳೀತೈತಿ?"

"ಒಂಬತ್ತು ಸೆಕೆಂಡ್ ಕತ್ತರಿಸಿದ್ರ ಯಾರಿಗೆ ಸಿಟ್ಟು ಬರ್ತೈತಿ ಅಂತ ನೋಡ್ತೈತ್ರಿ."

"ಅಂದ್ರ ಕಳ್ಳ ಹೆಂಗ ವಿಚಾರ ಮಾಡ್ತಾನ ಅಂತ ಅದಕ್ಕ ಕಲಿಸೀರಿ," ಎಂದು ಅಜ್ಜಾರು ನಕ್ಕು ನನ್ನ ಕೈಗೆ ನಾಲ್ಕು ಕಡಲೆಕಾಯಿ ಹಾಕಿದರು. ನನಗೆ ಸಿಟ್ಟು ಬಂತು. ನನ್ನ ತಮ್ಮನ ಕೈ ನೋಡಿದ್ದರೆ ಈ ಮುದುಕರು ಹೀಗೆ ನಗುತ್ತಿರಲಿಲ್ಲ ಎಂದುಕೊಂಡೆ.

ಅಂದೇ ಸೋಮವಾರ. ನಾಲ್ಕು ಗಂಟೆಗೆ ಅಂಗಳ ತುಂಬಿತ್ತು, ನಾನೂರು ಜನಕ್ಕೆ ಕಡಿಮೆ ಇರಲಿಲ್ಲ. ಹುಲಿಗೆವ್ವ ಮುಂದಿನ ಸಾಲಿನಲ್ಲಿ, ಮಂಡಿಯ ದೂಳು ಹತ್ತಿದ ಸೀರೆಯಲ್ಲೇ ಕೂತಿದ್ದಳು. ನಾನು ಕಂಬಕ್ಕೆ ಒರಗಿ ಪರದೆ ನೋಡುತ್ತಿದ್ದೆ. ಅಜ್ಜಾರು, "ನಾನು ಹುಲಿಗೆವ್ವ. ನನ್ನ ಗಂಡನ್ನ ಈ ಮಠ" ಎನ್ನುವಷ್ಟರಲ್ಲಿ ಗುಂಡಿ ಗುಂಯ್ ಎಂದಿತು. ಅವರು ನಿಲ್ಲಿಸಲಿಲ್ಲ. ಮೈಕು ಬಂದ್ ಆಯಿತು. ಅಂಕ ತೊಂಬತ್ತೊಂದು.

ಮೈಕು ಮತ್ತೆ ಚಾಲೂ ಆದಾಗ ಅಜ್ಜಾರು ನಿಧಾನವಾಗಿ, "ಒಬ್ಬ ತಂಗಿಗೆ ನೋವಾಗೈತಿ. ಆಕಿ ದುಃಖದಾಗ ಅದಾಳ" ಎಂದರು. ಅಂಕ ಎಂಟು. ಹುಲಿಗೆವ್ವ ತಲೆ ಅಲ್ಲಾಡಿಸಿದಳು.

"ಇದು ನನ್ನ ಮಾತಲ್ರಿ."

"ಮಠದ ಕೆಲಸದಾಗ ಒಂದು ದುರ್ಘಟನಾ ಆತು," ಎಂದರು ಅಜ್ಜಾರು.

"ಇದು ಕಮಿಟಿಯವರ ಮಾತು. ನನ್ನದಲ್ಲ."

ಅಜ್ಜಾರು ಕಣ್ಣು ಮುಚ್ಚಿ ಕೂತರು. ಆಮೇಲೆ ಬರೀ ಎರಡು ಪದ ಹೇಳಿದರು. "ಹಗ್ಗ ಲಡ್ಡಾಗಿತ್ತು." ಮೈಕು ತಕ್ಷಣ ಸತ್ತಿತು. ಪರದೆಯ ಮೇಲೆ ಎಂಬತ್ತೆಂಟು ಎಂದು ಕೆಂಪಗೆ ಹೊಳೆಯಿತು.

ನನಗೆ ಅರ್ಥವಾಗಲಿಲ್ಲ. ಆ ಮಾತಿನಲ್ಲಿ ದೇವರಿಲ್ಲ, ಧರ್ಮವಿಲ್ಲ, ಬೈಗುಳವಿಲ್ಲ. ಹಗ್ಗ ಲಡ್ಡಾಗಿದೆ, ಕೊಳೆತಿದೆ ಎಂದರೆ ಜಗತ್ತಿನಲ್ಲಿ ಯಾರಿಗೆ ಸಿಟ್ಟು ಬರಬೇಕು? ಅತ್ತ ಹುಲಿಗೆವ್ವ ಎದ್ದು ಪೀಠದ ಹತ್ತಿರ ಹೋದಳು. "ಅಜ್ಜಾರ, ದೇವರ ಇಚ್ಛಾ ಅಂತ ಮೈಕಿನ್ಯಾಗ ಅಂದಿದ್ರಿ. ಊರಾಗ ಎಲ್ಲಾರೂ ಕೇಳ್ಯಾರ. ನನ್ನ ಮಾತೂ ಮೈಕಿನ್ಯಾಗ ಆಗಬೇಕು. ಕಿವ್ಯಾಗ ಹೇಳೂದು ನನಗ ಬ್ಯಾಡ," ಎಂದು ಹೇಳಿ ಹೊರಟುಹೋದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮರುದಿನ ಕೇಂದ್ರದಲ್ಲಿ ಆ ಎಂಬತ್ತೆಂಟು ಎಲ್ಲಿಂದ ಬಂತೆಂದು ಕೆದಕಿದೆ. ನಮ್ಮ ಸಾಮಾನ್ಯ ಲೆಕ್ಕದಲ್ಲಿ ಆ ಮಾತಿನ ಕಿಡಿ ಅಂಕ ಬರೀ ಮೂರು. ಉಳಿದದ್ದು ಬಂದದ್ದು ಕಾಯ್ದ ಪದಗಳ ಪಟ್ಟಿಯಿಂದ. ಪ್ರತಿ ಮಠ, ಮಸೀದಿ, ಚರ್ಚಿನ ಆಡಳಿತದವರೂ ತಮ್ಮ ಜನರ ಮನಸ್ಸಿಗೆ ವಿಶೇಷವಾಗಿ ತಾಗುವ ಇಪ್ಪತ್ತು ಪದಗಳನ್ನು ಕೊಡಬಹುದು. ಆ ಪದ ಬಂದರೆ ಅಂಕ ತಾನಾಗಿಯೇ ಏರುತ್ತದೆ. ದೇವರ ಹೆಸರು, ಗುರುಗಳ ಹೆಸರು ಬರೆಯುತ್ತಾರೆ ಎಂದುಕೊಂಡು ಆ ಸೌಲಭ್ಯ ಇಟ್ಟವಳು ನಾನೇ. ನಾಗರಕಟ್ಟಿಯ ಪಟ್ಟಿ ತೆರೆದೆ. ಹದಿನೆಂಟು ಹೆಸರುಗಳು ನಾನು ಅಂದುಕೊಂಡ ಹಾಗೆಯೇ ಇದ್ದವು. ಹತ್ತೊಂಬತ್ತನೆಯದು ಬಾವಿ. ಇಪ್ಪತ್ತನೆಯದು ಹಗ್ಗ.

ದೇಸಾಯರಿಗೆ ಫೋನು ಮಾಡಿದೆ.

"ಹಗ್ಗ ಅಂದ್ರ ನಿಮ್ಮ ಭಕ್ತರ ಮನಸಿಗೆ ನೋವಾಗ್ತೈತೇನ್ರಿ?"

"ಆಗ್ತೈತ್ರೀ ಮೇಡಂ," ಎಂದರು ದೇಸಾಯಿ ಬಹಳ ನಯವಾಗಿ. "ಮಠದ ಮರ್ಯಾದಿ ಪ್ರಶ್ನೆ. ನಿಯಮದಾಗ ಇಪ್ಪತ್ತು ಪದ ಅಂತ ಐತಿ, ಇಪ್ಪತ್ತ ಕೊಟ್ಟೀವಿ. ಇಪ್ಪತ್ತೊಂದು ಕೊಟ್ಟಿಲ್ಲಲ್ಲ?"

ಮೇಲಧಿಕಾರಿಗೆ ಹೇಳಿದೆ. ಅವರೂ ನಿಯಮ ಪುಸ್ತಕ ತೆಗೆದು ಅದನ್ನೇ ತೋರಿಸಿದರು. ಮಾತಿನಿಂದ ಊರಿಗೆ ಬೆಂಕಿ ಬೀಳದಿರಲಿ ಎಂದು ನಾವು ಕಟ್ಟಿದ ಯಂತ್ರವನ್ನು ಇವರು ಒಂದು ಕೊಳೆತ ಹಗ್ಗ ಮುಚ್ಚಿಡಲು ಬಳಸುತ್ತಿದ್ದರು. ಒಂಬತ್ತು ಸೆಕೆಂಡಿನ ಆ ತುಂಡು ಕತ್ತರಿಸಿದವರು ಯಾರು ಎಂದು ಯಾರೂ ಹುಡುಕಲಿಲ್ಲ ಎನ್ನುವುದು ಆಗ ನನಗೆ ಹೊಳೆಯಿತು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹುಡುಕಿರಲಿಲ್ಲ. ನಮ್ಮ ಕೇಂದ್ರದಲ್ಲಿ ಅದಕ್ಕೊಂದು ಕುರ್ಚಿಯೇ ಇರಲಿಲ್ಲ.

ಸಂಜೆ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತ ಕಲ್ಮೇಶನಿಗೆ ಎಲ್ಲ ಹೇಳಿದೆ. ಅವನು ಎಡಗೈಯಲ್ಲಿ ಊಟ ಮಾಡುತ್ತಾನೆ. ಪಲ್ಯ ಕಲಸುವುದನ್ನು ನಿಲ್ಲಿಸಿ, "ಹಂಗಂತ ಯಂತ್ರ ಬ್ಯಾಡ ಅಂತೀಯೇನು?" ಎಂದ.

"ಹಂಗ ಅಂದಿಲ್ಲ."

"ನಿನ್ನ ಮುಖ ಹಂಗ ಅನ್ನಾಕತ್ತೈತಿ. ಅಕ್ಕ, ಆ ದಿನ ನನ್ನ ಅಂಗಡಿ ಮುಂದ ಇಪ್ಪತ್ತು ಮಂದಿ ನಿಂತಿದ್ರು. ಅದರಾಗ ಇಬ್ಬರು ನನ್ನ ಗಿರಾಕಿ. ಅವರ ಕೈಯಾಗ ಫೋನು, ಫೋನಿನ್ಯಾಗ ಆ ಮಾತು. ಅದ ಸೋಸುಗ ಅವತ್ತ ಇದ್ದಿದ್ರ ನಾ ಇವತ್ತ ಬಲಗೈಲೆ ರೊಟ್ಟಿ ಮುರಕೊಂಡು ತಿಂತಿದ್ನಿ."

ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ರೊಟ್ಟಿ ಮಗುಚಿ ಹಾಕಿ, "ಮತ್ತ ಆ ಹೆಣ್ಮಗಳು ಏನ್ ಮಾಡಬೇಕು?" ಎಂದೆ. ಕಲ್ಮೇಶ ಊಟ ಮುಗಿಸಿ ತಟ್ಟೆ ತಾನೇ ತೊಳೆದಿಟ್ಟ.

ಮುಂದಿನ ಸೋಮವಾರ ಬೆಳಿಗ್ಗೆ ಕೇಂದ್ರದಿಂದಲೇ ಅಜ್ಜಾರಿಗೆ ಫೋನು ಮಾಡಿದೆ. ಸೋಸುಗ ಚರ್ಮದಿಂದ ಬಿಟ್ಟರೆ ಒಂದು ನಿಮಿಷದಲ್ಲಿ ಮೈಕು ಬಂದ್ ಆಗುತ್ತದೆ. ಆದರೆ ಯಂತ್ರ ಕೆಟ್ಟಿದೆ, ದುರಸ್ತಿ ನಡೆದಿದೆ ಎಂದು ನಿಯಂತ್ರಣ ಕೊಠಡಿಯಿಂದ ಒಂದು ಕೀಲಿ ಒತ್ತಿದರೆ ಇನ್ನೊಂದು ನಿಮಿಷ ಸಿಗುತ್ತದೆ. ನಿಮಿಷಕ್ಕೊಮ್ಮೆ ಒತ್ತುತ್ತಲೇ ಇರಬೇಕು. ಇದನ್ನು ವಿವರಿಸಿ, "ಅಜ್ಜಾರ, ಇವತ್ತ ನೀವು ಏನ್ ಮಾಡಿದ್ರೂ ನನ್ನ ಕಡಿಂದ ಮೈಕ್ ಬಂದ್ ಆಗೂದಿಲ್ಲ. ಆದ್ರ ನಾಳೆ ನಿಮ್ಮನ್ನ ಮತ್ತ ಕತ್ತರಸ್ತಾರ. ಪೀಠಾನೂ ಹೋಗಬಹುದು," ಎಂದೆ.

"ಕತ್ತರಸ್ಲಿ ಬಿಡವ್ವ. ಕತ್ತರಿಸಿದ್ರ ನನಗ ಅರ್ಧ ಮಾತಾದ್ರೂ ಉಳೀತೈತಿ. ಹೇಳದ ಹ್ವಾದ್ರ ಆಕಿಗೆ ಏನೂ ಉಳಿಯೂದಿಲ್ಲ." ಆಮೇಲೆ, "ಉತ್ತರ ಹೇಳಾಕ ನನಗೂ ಹೆದರಿಕಿ ಐತಿ," ಎಂದರು. ಅದು ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ನಾಲ್ಕು ಗಂಟೆಗೆ ಪರದೆಯ ಮೇಲೆ ಅಂಗಳ ಕಾಣಿಸಿತು. ಅಜ್ಜಾರು ಪೀಠದ ಮೇಲೆ ಕೂತು, ಕುತ್ತಿಗೆಗೆ ಕೈ ಹಾಕಿ ಗುಂಡಿಯನ್ನು ಕಿತ್ತು ಪಕ್ಕದ ತಟ್ಟೆಯಲ್ಲಿಟ್ಟರು. ದೇಸಾಯಿ ಎದ್ದು ನಿಂತು ಏನೋ ಕೂಗಿದರು. ನನ್ನ ಮುಂದೆ ಕೆಂಪು ದೀಪ ಹತ್ತಿತು. ಕೀಲಿ ಒತ್ತಿದೆ.

"ನಾನು ಹುಲಿಗೆವ್ವ," ಎಂದರು ಅಜ್ಜಾರು. "ನನ್ನ ಗಂಡ ಯಮನಪ್ಪ. ಹೂಳು ತೆಗಿಯೂದ್ರಾಗ ಅವನಂಥಾಂವ ಈ ಸೀಮ್ಯಾಗ ಇದ್ದಿದ್ದಿಲ್ಲ. ಶ್ರಾವಣಕ್ಕ ನಿಮ್ಮ ಬಾವಿ ಚೊಕ್ಕ ಆಗಬೇಕಿತ್ತು. ನನ್ನ ಗಂಡ ಇಳಿದ. ನಿಮ್ಮ ಹಗ್ಗ ಲಡ್ಡಾಗಿತ್ತು. ಹರೀತು. ನೀವು ಮ್ಯಾಲ ನಿಂತು ದೇವರ ಇಚ್ಛಾ ಅಂದ್ರಿ. ನಿಮ್ಮ ದೇವರಿಗೆ ನನ್ನ ಗಂಡನ ಮ್ಯಾಲ ಏನ್ ಸಿಟ್ಟಿತ್ತು? ನಿಮ್ಮ ಅಂಗಳದಾಗ ಹೊಸಾ ಹಗ್ಗ ಇತ್ತು, ತೇರು ಎಳಿಯೂ ಹಗ್ಗ ಅಂತ ಯಾರಿಗೂ ಮುಟ್ಟಗೊಡಲಿಲ್ಲ. ಕಲ್ಲಿನ ದೇವರಿಗೆ ಹೊಸಾ ಹಗ್ಗ, ನನ್ನ ಗಂಡಗ ಲಡ್ಡ ಹಗ್ಗ. ಈ ಗದ್ದಿಗಿಗೆ ನಾ ಯಾಕ ಕೈ ಮುಗೀಲಿ? ನೀವು ಕೊಲ್ಲವರು. ಕೊಂದು ದೇವರ ಹೆಸರು ಹೇಳವರು."

ಅವರು ಹೀಗೆ ಅರ್ಧ ಗಂಟೆ ಮಾತಾಡಿದರು. ಎಲ್ಲವನ್ನೂ ಇಲ್ಲಿ ಬರೆಯುವುದಿಲ್ಲ. ಕಿಡಿ ಅಂಕ ಎಷ್ಟಾಗುತ್ತಿತ್ತೋ ಗೊತ್ತಿಲ್ಲ, ತಟ್ಟೆಯಲ್ಲಿ ಬಿದ್ದ ಗುಂಡಿ ಏನನ್ನೂ ಅಳೆಯುತ್ತಿರಲಿಲ್ಲ. ನಾನು ಗಡಿಯಾರ ನೋಡಿಕೊಂಡು ಕೀಲಿ ಒತ್ತುತ್ತ ಹೋದೆ. ಮೇಲಧಿಕಾರಿ ಬಂದು ಬಾಗಿಲು ಬಡಿದರು. ಚಿಲಕ ಹಾಕಿದ್ದೆ. ಅಂಗಳದಲ್ಲಿ ಒಬ್ಬರೂ ಕಲ್ಲು ಎತ್ತಲಿಲ್ಲ. ಪೂರ್ತಿ ಕೇಳುತ್ತಿದ್ದವರಿಗೆ ಯಾರ ಮಾತನ್ನು ಯಾರು ಹೇಳುತ್ತಿದ್ದಾರೆಂದು ಗೊತ್ತಿತ್ತು.

ಅಜ್ಜಾರು ನಿಲ್ಲಿಸಿದರು. ಹುಲಿಗೆವ್ವ, "ಒಂದು ಉಳೀತ್ರಿ," ಎಂದಳು. "ಅವತ್ತ ನಾ ಬುತ್ತಿ ಕಟ್ಟಿ ಕೊಟ್ಟಿದ್ನಿ. ಬಿಚ್ಚದ ಹಂಗ ಬುತ್ತಿ ಮನಿಗೆ ಬಂತು."

ಅಜ್ಜಾರು ಮೈಕಿಗೆ ಬಾಗಿ, "ಅವತ್ತ ನಾ ಬುತ್ತಿ ಕಟ್ಟಿ ಕೊಟ್ಟಿದ್ನಿ. ಬಿಚ್ಚದ ಹಂಗ ಮನಿಗೆ ಬಂತು," ಎಂದರು.

"ಹೌದ್ರಿ," ಎಂದಳು ಹುಲಿಗೆವ್ವ. "ಇದು ನನ್ನ ಮಾತು." ಆಮೇಲೆ ಮೊಣಕಾಲಿನ ಮೇಲೆ ತಲೆಯಿಟ್ಟು ಜೋರಾಗಿ ಅತ್ತಳು. ಅಕ್ಕಪಕ್ಕದ ಹೆಂಗಸರು ಆಕೆಯನ್ನು ಹಿಡಿದುಕೊಂಡರು. ನಾನೂ ಅತ್ತೆ, ಕೀಲಿ ಒತ್ತುವುದು ಮಾತ್ರ ಬಿಡಲಿಲ್ಲ.

ಅವಳು ತಲೆ ಎತ್ತುವವರೆಗೆ ಅಜ್ಜಾರು ಕಾದರು. "ಈಗ ನನ್ನ ಉತ್ತರ," ಎಂದರು. "ಹಗ್ಗ ಲಡ್ಡಾಗೈತಿ ಅಂತ ಯಮನಪ್ಪ ಹಿಂದಿನ ದಿನಾನ ನನ್ನ ಮುಂದ ಹೇಳಿದ್ದ. ದೇಸಾಯರೂ ಅಲ್ಲೇ ನಿಂತಿದ್ರು. ಒಂದು ದಿನದ ಕೆಲಸ ಐತಿ, ಇಳಿ ಅಂದಾಂವ ನಾನು. ದೇವರ ಇಚ್ಛಾ ಅಂತ ನಾ ಅಂದದ್ದು ಸುಳ್ಳು. ಅದು ನನ್ನ ಇಚ್ಛಾ. ನಾ ತಪ್ಪು ಮಾಡೀನಿ ತಂಗಿ. ಪೊಲೀಸರ ಮುಂದೂ ಇದನ್ನ ಹೇಳ್ತೀನಿ, ನಡಿ." ಅವರು ಪೀಠದಿಂದ ಇಳಿದರು. ನಲವತ್ತೆರಡು ಸಲ ಕೀಲಿ ಒತ್ತಿದ ನನ್ನ ಬೆರಳು ಮರಗಟ್ಟಿತ್ತು.

ಮರುದಿನ ತುಂಡು ಬಂತು. "ದೇವರ ಇಚ್ಛಾ ಅಂತ ಅಂದದ್ದು ಸುಳ್ಳು" ಎನ್ನುವಷ್ಟೇ. ಮತ್ತೆ ಜೀಪುಗಳು ಬಂದವು. ಈ ಸಲ ಮಠದ ಬಾಗಿಲಲ್ಲಿ ನಾಗರಕಟ್ಟಿಯ ಜನವೇ ಕೂತಿದ್ದರು. ಬಂದವರನ್ನು ಕೂರಿಸಿ, ನೀರು ಕೊಟ್ಟು, ಮೊದಲಿಂದ ಕೊನೆಯವರೆಗೆ ಹೇಳಿದರಂತೆ. ಕೇಳಿದವರು ಕೆಲವರು, ಕೇಳದೆ ಬೈದು ಹೋದವರು ಕೆಲವರು. ಕಮಿಟಿ ಅಜ್ಜಾರನ್ನು ಪೀಠದಿಂದ ಇಳಿಸಿತು. ಅವರು ಆಗಲೇ ಇಳಿದಿದ್ದರು. ಹುಲಿಗೆವ್ವನ ದೂರು ದಾಖಲಾಯಿತು, ದೇಸಾಯರ ಹೆಸರೂ ಅದರಲ್ಲಿ ಸೇರಿತು. ಸಾಕ್ಷಿ ಹೇಳಲು ನೂರಾರು ಜನ ಮುಂದೆ ಬಂದರು.

ನನ್ನ ವಿಚಾರಣೆ ಮುಂದಿನ ವಾರ ನಡೆಯಿತು. ವಿಚಾರಣಾಧಿಕಾರಿ ಪದ್ಮನಾಭ ಕಾಖಂಡಕಿ ಸಭ್ಯ ಮನುಷ್ಯ, ಚಹಾ ತರಿಸಿದರು. ಕ್ಯಾಮೆರಾ ಓಡುತ್ತಿತ್ತು. "ಯಾಕ ಹಿಂಗ ಮಾಡಿದ್ರಿ ಮೇಡಂ? ನಿಮ್ಮ ಸಮರ್ಥನೆ ಏನೈತಿ ಹೇಳ್ರಿ," ಎಂದರು.

"ಹೇಳ್ತೀನ್ರಿ. ಆದ್ರ ಮೊದಲ ನಿಮ್ಮ ಮಾತು ಹೇಳ್ತೀನಿ," ಎಂದೆ. ನಾಗರಕಟ್ಟಿಯಲ್ಲಿ ನೋಡಿದ್ದನ್ನು ಒಮ್ಮೆ ನನ್ನ ಬಾಯಿಂದಲೂ ಮಾಡಬೇಕು ಅನ್ನಿಸಿತ್ತು. ನಾನೇ ಕೇಂದ್ರವಾಗಿ, ಸೋಸುಗ ಕಟ್ಟಿದ ದಿನಗಳ ಸಿಟ್ಟಿನ ನಾನಾಗಿ ಮಾತಾಡಿದೆ. ಕಲ್ಮೇಶನ ಅಂಗಡಿ ಸುಟ್ಟಿದ್ದು, ಅವನ ಕೈ, ಅವನ ಗಿರಾಕಿಗಳೇ ಎದುರು ನಿಂತದ್ದು, ಸೋಸುಗ ಬಂದ ಮೇಲೆ ಒಂದೂ ಅಂಗಡಿ ಸುಡದೆ ಇರುವುದು, ಸೋಸುಗ ಅಂದು ಇದ್ದಿದ್ದರೆ ನನ್ನ ತಮ್ಮನ ಕೈ ಉಳಿಯುತ್ತಿತ್ತು ಎನ್ನುವುದು, ಎಲ್ಲವನ್ನೂ ಹೇಳಿದೆ. ಮನಸ್ಸಿಟ್ಟು ಹೇಳಿದೆ. ಕಾಖಂಡಕಿಯವರ ಕಣ್ಣಲ್ಲಿ ನೀರು ಬಂತು.

"ಇದು ನಿಮ್ಮ ಮಾತು ಹೌದೋ?" ಎಂದೆ.

"ಹೌದ್ರಿ. ನನಗ ಇಷ್ಟು ಚಂದ ಹೇಳಾಕ ಬರ್ತಿದ್ದಿಲ್ಲ."

"ಹಂಗಾದ್ರ ಈಗ ನನ್ನ ಉತ್ತರ," ಎಂದೆ. ಅವರು ಗಡಿಯಾರ ನೋಡಿದರು. ಸಮಯ ಮುಗಿಯಿತು, ಉಳಿದದ್ದು ಬರೆದು ಕೊಡಿ ಎಂದರು. ಕ್ಯಾಮೆರಾ ನಿಲ್ಲಿಸಿದರು. ಬರೆದು ಕೊಟ್ಟೆ. ಎರಡು ದಿನಕ್ಕೆ ನನ್ನನ್ನು ಕೆಲಸದಿಂದ ತೆಗೆದ ಆದೇಶ ಬಂತು.

ಹದಿನೈದು ದಿನದ ಮೇಲೆ ಕಲ್ಮೇಶ ಕೆಂಡದಂಥ ಮುಖ ಹೊತ್ತು ಮನೆಗೆ ಬಂದ. "ಬಸ್ ಸ್ಟ್ಯಾಂಡಿಗೆ ನಡಿ," ಎಂದ. ಹೋದೆವು. ಅಲ್ಲಿಯ ದೊಡ್ಡ ಪರದೆಯ ಮೇಲೆ ನಾನಿದ್ದೆ. "ಸೋಸುಗ ಅವತ್ತ ಇದ್ದಿದ್ರ ನನ್ನ ತಮ್ಮನ ಕೈ ಉಳೀತಿತ್ತು," ಎಂದು ಗದ್ಗದಿತಳಾಗಿ ಹೇಳುತ್ತಿದ್ದೆ. ಕೆಳಗೆ, "ಸೋಸುಗದ ನಿರ್ಮಾತೃ ನೀಲಗಂಗಾ ಹೂಗಾರ ಅವರ ಮನದಾಳದ ಮಾತು. ಈಗ ಶಾಲೆಗಳಲ್ಲೂ ಸೋಸುಗ" ಎಂದು ಬರೆದಿತ್ತು. ದನಿ ನನ್ನದೇ, ಮುಖ ನನ್ನದೇ. ನಾನು ಲೆಕ್ಕ ಹಾಕಿದೆ, ಸರಿಯಾಗಿ ಒಂಬತ್ತು ಸೆಕೆಂಡು. ಕಿಡಿ ಅಂಕ ಎರಡೋ ಮೂರೋ ಇರಬಹುದು. ಯಾರಿಗೂ ಸಿಟ್ಟು ಬಾರದಂಥ ಸುಳ್ಳನ್ನು ನಮ್ಮ ಯಂತ್ರ ಗುರುತಿಸುವುದೇ ಇಲ್ಲ. ಅದನ್ನು ಹಾಗೆ ಕಟ್ಟಿದವರು ನಾವೇ.

"ನನ್ನ ಕೈ ತೋರಿಸಿ ಮಾಲು ಮಾರಾಕತ್ತಾರ," ಎಂದ ಕಲ್ಮೇಶ. "ಯಂತ್ರ ಬೇಕು ಅಂತ ನಾ ಈಗೂ ಅಂತೀನಿ. ಅದ್ರಾಗ ಏನೂ ಬದಲಿಲ್ಲ. ಆದ್ರ ನನ್ನ ಅಕ್ಕನ ಅರ್ಧ ಮಾತು ಇವರು ಹೆಂಗ ಮಾರ್ತಾರ? ನೀ ಅವತ್ತ ಉತ್ತರ ಏನ್ ಬರ್ದು ಕೊಟ್ಟಿದ್ದಿ, ನನಗೂ ಹೇಳಿಲ್ಲ. ಹೇಳು."

"ಇಲ್ಲೇ?"

"ಇಲ್ಲೇ."

ಬೆಳಗಿನ ಹತ್ತು ಗಂಟೆ. ರೋಣದ ಬಸ್ಸಿಗೆ, ಬಾಗಲಕೋಟೆಯ ಬಸ್ಸಿಗೆ ಕಾಯುವವರಿಂದ ನಿಲ್ದಾಣ ತುಂಬಿತ್ತು. ನಾನು ಸಿಮೆಂಟಿನ ಬೆಂಚು ಹತ್ತಿ ನಿಂತೆ. ಪರದೆಯ ಮೇಲಿನ ನಾನು ಮಾತು ನಿಲ್ಲಿಸುವವರೆಗೆ ಕಾದೆ. ಮೊದಲು ಒಬ್ಬ ಮುದುಕಿ ಪರದೆ ನೋಡಿ ನನ್ನನ್ನು ನೋಡಿದಳು. "ಅವ್ವಾ, ಆಕಿ ನೀನ ಅಲ್ಲೇನು?" ಎಂದಳು.

"ನಾನ. ಅದು ಅರ್ಧ. ಉಳಿದದ್ದು ಕೇಳ್ರಿ," ಎಂದೆ. ಮೈಕಿರಲಿಲ್ಲ, ಇದ್ದ ದನಿಯನ್ನೆಲ್ಲ ಒಟ್ಟು ಮಾಡಿ ಕೂಗಿದೆ.

"ನನ್ನ ತಮ್ಮನ ಅಂಗಡಿ ಸುಟ್ಟದ್ದು ಮಾತಲ್ರಿ. ಆ ಗುರುಗಳು ಆಡಿದ ಮಾತು ಪೂರಾ ಕೇಳಿದ್ರ ಒಬ್ಬಾಂವನೂ ಕಡ್ಡಿ ಕೊರೀತಿದ್ದಿಲ್ಲ. ಸುಟ್ಟದ್ದು ಕತ್ತರಿ. ಕತ್ತರಿ ಹಿಡದಾಂವನ ಕೈ ಹಿಡ್ಯಾಕ ನಮಗ ಧೈರ್ಯ ಇದ್ದಿದ್ದಿಲ್ಲ. ಅದಕ್ಕ ಮಾತಾಡವರ ಕುತಿಗಿ ಹಿಡದ್ವಿ. ಹಿಡದಾಕಿ ನಾನ. ನಾಗರಕಟ್ಟಿಯೊಳಗ ಒಬ್ಬ ಹೆಣ್ಮಗಳ ಗಂಡ ಹೆಂಗ ಸತ್ತ ಅನ್ನೂದು ಆ ಗುಂಡಿ ಒಳಗ ಎರಡು ಪದ ಆಗಿ ಕುಂತಿತ್ತು. ಇವತ್ತ ನನ್ನನ್ನೂ ಕತ್ತರಿಸ್ಯಾರ. ನಾಳೆ ಈ ಮಾತೂ ಕತ್ತರಸ್ತಾರ. ಕತ್ತರಸ್ರಿ! ಎಷ್ಟು ಸಲ ಕತ್ತರಸ್ತೀರೋ ಅಷ್ಟು ಸಲ ನಾ ಇಲ್ಲಿ ಬಂದು ನಿಂತು ಪೂರಾ ಹೇಳ್ತೀನಿ."

ನಾಲ್ಕೈದು ಜನ ಫೋನು ಎತ್ತಿ ಹಿಡಿದಿದ್ದರು. ಅದರಲ್ಲೊಬ್ಬ, "ಮೇಡಂ, ಸ್ವಲ್ಪ ಸಣ್ಣದು ಮಾಡಿ ಹೇಳ್ರಿ, ಹಾಕಾಕ ಬರ್ತೈತಿ," ಎಂದ.

"ಸಣ್ಣದು ಮಾಡೂದಿಲ್ಲ," ಎಂದೆ. "ಕುಂದ್ರು."

ಅವನು ಫೋನು ಕಿಸೆಗೆ ಹಾಕಿಕೊಂಡು ನೆಲದ ಮೇಲೆ ಕೂತ. ಮುದುಕಿ ಗಂಟು ಇಳಿಸಿ ಅವನ ಪಕ್ಕಕ್ಕೆ ಕೂತಳು. ಬಾಗಲಕೋಟೆಯ ಬಸ್ಸು ಬಂದು ನಿಂತಿತು, ಕಂಡಕ್ಟರ್ ಎರಡು ಸಲ ಊರಿನ ಹೆಸರು ಕೂಗಿದ. ನಾನು ಹುಲಿಗೆವ್ವನ ಮಾತಿನಿಂದ ಶುರು ಮಾಡಿದೆ.